ಇಬ್ಬರು ಭೇಟಿಯಾಗದ ಹೋಟೆಲು

ಮಗಳ ಮನೆಗೆಂದು ಹೋಗಿ ಆರು ತಿಂಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಗ, ನೋಡಬೇಕಾದ ಸ್ಥಳಗಳ ಪಟ್ಟಿಯಲ್ಲಿ ನಾನು ಲಾಂಗ್ ಬೀಚ್ ಎಂಬ ಊರನ್ನು ಸೇರಿಸಿದ್ದು ಅವಳಿಗೆ ಸೋಜಿಗವೆನಿಸಿತ್ತು. ಅಲ್ಲಿ ಲಂಗರು ಹಾಕಿ ನಿಲ್ಲಿಸಿರುವ ಕ್ವೀನ್ ಮೇರಿ ಹಡಗನ್ನು ನೋಡುವುದಕ್ಕೋ ಎಂದು ಕೇಳಿದಳು. ಅದಕ್ಕಲ್ಲ, 1916ರ ಆಗಸ್ಟ್ 20ರ ಭಾನುವಾರ ಆ ಊರಿನ ಒಂದು ಹೋಟೆಲಿನಲ್ಲಿ ಇಬ್ಬರು ಒಬ್ಬರನ್ನೊಬ್ಬರು ಭೇಟಿಯಾಗಲಿಲ್ಲ, ಆ ಜಾಗವನ್ನು ನೋಡಬೇಕು ಎಂದೆ. "ಭೇಟಿಯೇ ಆಗದ ಜಾಗದಲ್ಲಿ ನೋಡುವುದಕ್ಕೆ ಏನಿರುತ್ತದೆ ಅಪ್ಪಾ?" ಎಂದಳು. ಅವಳ ಮಾತು ಸರಿಯಾಗಿಯೇ ಇತ್ತು. ಆ ಹೋಟೆಲು ಕೂಡ ಈಗ ಇಲ್ಲ. 1930ರ ದಶಕದಲ್ಲಿಯೇ ಅದನ್ನು ಕೆಡವಿದ್ದಾರೆ. ಸಮುದ್ರದ ಕಡೆ ಮುಖ ಮಾಡಿ ಹತ್ತು ನಿಮಿಷ ನಿಂತು, ಐಸ್‌ಕ್ರೀಮ್ ತಿಂದು ಬಂದೆವು.

ಹೋಟೆಲಿನ ಹೆಸರು ವರ್ಜೀನಿಯಾ. ಆ ವರ್ಷದ ಅಧ್ಯಕ್ಷೀಯ ಚುನಾವಣೆಯ ರಿಪಬ್ಲಿಕನ್ ಅಭ್ಯರ್ಥಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಪ್ರಚಾರದ ನಡುವೆ ಅಲ್ಲಿಗೆ ಬಂದಿದ್ದರು. ಅದೇ ಹೊತ್ತಿನಲ್ಲಿ ಅದೇ ಕಟ್ಟಡದೊಳಗೆ ಕ್ಯಾಲಿಫೋರ್ನಿಯಾದ ಗವರ್ನರ್ ಹೈರಮ್ ಜಾನ್ಸನ್ ಕೂಡ ಇದ್ದರು. ಜಾನ್ಸನ್ 1912ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಜೊತೆ ರಿಪಬ್ಲಿಕನ್ ಪಕ್ಷವನ್ನು ತೊರೆದು, ಪ್ರೊಗ್ರೆಸಿವ್ ಪಕ್ಷದಿಂದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತು ಸೋತವರು. ಈಗ ಮರಳಿ ಬಂದು ಸೆನೆಟ್ ಟಿಕೆಟ್‌ಗಾಗಿ ರಿಪಬ್ಲಿಕನ್ ಪ್ರೈಮರಿಯಲ್ಲಿ ಸ್ಪರ್ಧಿಸಿದ್ದರು. ಹ್ಯೂಸ್ ಅವರ ಪ್ರವಾಸವನ್ನು ಏರ್ಪಡಿಸಿದ್ದವರು ಜಾನ್ಸನ್‌ರನ್ನು ಪಕ್ಷದ್ರೋಹಿ ಎಂದೇ ಕಾಣುತ್ತಿದ್ದ ಹಳಬರು. ಗವರ್ನರ್ ಇಲ್ಲೇ ಇದ್ದಾರೆ ಎಂದು ಅವರಾರೂ ಹ್ಯೂಸ್ ಕಿವಿಗೆ ಹಾಕಲಿಲ್ಲ. ಹೋಟೆಲು ಬಿಟ್ಟು ಹೊರಟ ಮೇಲೆ ವಿಷಯ ತಿಳಿದು ಹ್ಯೂಸ್ ಕಳವಳಗೊಂಡರು, ಸಮಾಧಾನ ಹೇಳಲು ಜನರನ್ನು ಕಳುಹಿಸಿದರು. ಅಷ್ಟರಲ್ಲಿ ಹೊತ್ತು ಮೀರಿತ್ತು. ಮನೆಗೆ ಬಂದ ನೆಂಟ ಜಗಲಿಯವರೆಗೆ ಬಂದು ಯಜಮಾನನನ್ನು ಮಾತಾಡಿಸದೆ ಹೋದರೆ ಆಗುವ ಮುನಿಸು ಎಂಥದೆಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ.

ನವೆಂಬರ್‌ನಲ್ಲಿ ಜಾನ್ಸನ್ ಸುಮಾರು ಮೂರು ಲಕ್ಷ ಮತಗಳ ಅಂತರದಿಂದ ಸೆನೆಟ್‌ಗೆ ಆರಿಸಿ ಬಂದರು. ಅದೇ ರಾಜ್ಯದಲ್ಲಿ, ಅದೇ ದಿನ, ಅದೇ ಪಕ್ಷದ ಹ್ಯೂಸ್ 4,000ಕ್ಕೂ ಕಡಿಮೆ ಮತಗಳಿಂದ ಡೆಮಾಕ್ರಟಿಕ್ ಪಕ್ಷದ ವುಡ್ರೋ ವಿಲ್ಸನ್ ಎದುರು ಸೋತರು. ಒಂದೇ ಮತದಲ್ಲಿ ತೀರ್ಮಾನವಾದ 2004ರ ಸಂತೇಮರಹಳ್ಳಿಯನ್ನು ಕಂಡ ನಮಗೆ ಇದು ದೊಡ್ಡ ಅಂತರವೆನಿಸಬಹುದು, ಆದರೆ ಚಲಾವಣೆಯಾದ ಮತಗಳು ಹತ್ತು ಲಕ್ಷದಷ್ಟಿದ್ದವು. ಅಲ್ಲಿ ಅಧ್ಯಕ್ಷರನ್ನು ತೀರ್ಮಾನಿಸುವುದು ಜನಮತದ ಮೊತ್ತವಲ್ಲ, ರಾಜ್ಯಗಳಿಗೆ ಹಂಚಿದ ಎಲೆಕ್ಟೋರಲ್ ಮತಗಳು; ರಾಜ್ಯದಲ್ಲಿ ಗೆದ್ದವರಿಗೆ ಸಾಮಾನ್ಯವಾಗಿ ಆ ರಾಜ್ಯದ ಅಷ್ಟೂ ಮತಗಳು ಸಲ್ಲುತ್ತವೆ. ಕ್ಯಾಲಿಫೋರ್ನಿಯಾದ 13 ಎಲೆಕ್ಟೋರಲ್ ಮತಗಳು ವಿಲ್ಸನ್‌ರಿಗೆ ಹೋಗಿ ಒಟ್ಟು ಲೆಕ್ಕ 277ಕ್ಕೆ 254 ಎಂದಾಯಿತು. ಎರಡು ಸಾವಿರ ಜನ ಮನಸ್ಸು ಬದಲಾಯಿಸಿದ್ದರೆ ಅದು ಹ್ಯೂಸ್‌ರಿಗೆ 267, ವಿಲ್ಸನ್‌ರಿಗೆ 264 ಆಗುತ್ತಿತ್ತು. ಗೆಲ್ಲಲು ಬೇಕಿದ್ದುದು 266. ಚುನಾವಣೆಯ ರಾತ್ರಿ ತಾವೇ ಗೆದ್ದೆವೆಂದುಕೊಂಡು ಹ್ಯೂಸ್ ಮಲಗಿದರು, ಅಧ್ಯಕ್ಷರನ್ನು ಎಬ್ಬಿಸಲಾಗದು ಎಂದು ಅವರ ಕಡೆಯವರು ಪತ್ರಕರ್ತನೊಬ್ಬನಿಗೆ ಹೇಳಿದರು, ಬೆಳಿಗ್ಗೆ ಎದ್ದಾಗ ಅವರು ಅಧ್ಯಕ್ಷರಲ್ಲವೆಂದು ತಿಳಿಸಿಬಿಡಿ ಎಂದು ಆತ ಉತ್ತರಿಸಿದ ಎಂಬ ಕಥೆಯೊಂದಿದೆ. ಕಥೆ ನಂಬುವುದಕ್ಕೆ ತೀರ ಚೆನ್ನಾಗಿದೆ.

ಅಮೆರಿಕದ ಅಧ್ಯಕ್ಷೀಯ ಚುನಾವಣೆಗಳ ಫಲಿತಾಂಶವನ್ನು ಮನಸ್ಸಿನಲ್ಲಿಯೇ ತಿರುಗಿಸಿ ನೋಡುವ ಚಟ ನನಗೆ ಬಹಳ ವರ್ಷಗಳಿಂದ ಇದೆ. ಚಿಕ್ಕಮ್ಮನಿಗೆ ಮೀಸೆ ಬಂದರೆ ಚಿಕ್ಕಪ್ಪ ಎನ್ನಬಹುದು ಎಂದು ಮನೆಯವರು ನಗುತ್ತಾರೆ. ಬಂದರೆ, ಗೆದ್ದರೆ, ಸೋತಿದ್ದರೆ ಎಂಬ ಈ 'ರೆ'ಕಾರದ ರೂಪಕ್ಕೆ ನಮ್ಮ ವ್ಯಾಕರಣದಲ್ಲಿ ಪಕ್ಷಾರ್ಥಕ ಎಂಬ ಹೆಸರುಂಟು. ಚುನಾವಣೆಯ ಮಾತಿಗೆ ಇದಕ್ಕಿಂತ ಒಪ್ಪುವ ಪಾರಿಭಾಷಿಕ ಪದ ಬೇರೆ ಭಾಷೆಯಲ್ಲಿ ಇರಲಾರದು, ಏಕೆಂದರೆ ಈ ಆಟವನ್ನು ಆಡುವವರಲ್ಲಿ ಹೆಚ್ಚಿನವರು ವ್ಯಾಕರಣದ ಪಕ್ಷವನ್ನು ಬಿಟ್ಟು ರಾಜಕೀಯದ ಪಕ್ಷವನ್ನು ಹಿಡಿದುಬಿಡುತ್ತಾರೆ. ತಮಗೆ ಪ್ರಿಯನಾದವನು ಗೆದ್ದಿದ್ದರೆ ಯುದ್ಧವಾಗುತ್ತಿರಲಿಲ್ಲ, ಬೆಲೆ ಏರುತ್ತಿರಲಿಲ್ಲ, ಕೊಲೆ ನಡೆಯುತ್ತಿರಲಿಲ್ಲ ಎಂದು ಹಾಡುತ್ತಾರೆ. ಸತ್ತ ಎಮ್ಮೆಗೆ ಹಾಲು ಹೆಚ್ಚು ಎಂಬ ಮಾತು ಸೋತ ಅಭ್ಯರ್ಥಿಗೂ ಸಲ್ಲುತ್ತದೆ. ಅವನು ಯಾವ ತಪ್ಪನ್ನೂ ಮಾಡಿಲ್ಲ, ಏಕೆಂದರೆ ಏನನ್ನೂ ಮಾಡುವ ಸರದಿ ಅವನಿಗೆ ಬರಲಿಲ್ಲ.

ಆದ್ದರಿಂದ ನಾನು ನನಗಾಗಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇನೆ. ಬದಲಾಯಿಸುವ ಸಂಗತಿ ಎಷ್ಟು ಚಿಕ್ಕದಾಗಲು ಸಾಧ್ಯವೋ ಅಷ್ಟು ಚಿಕ್ಕದಿರಬೇಕು. ಬದಲಾಯಿಸಿದ ಮೇಲೆ, ಅಮೆರಿಕದ ಹೊರಗೆ ಆಗಲೇ ಉರುಳತೊಡಗಿದ್ದ ಚಕ್ರಗಳನ್ನು ನಾನು ಮುಟ್ಟಬಾರದು. ಲಾಂಗ್ ಬೀಚ್‌ನ ಹೋಟೆಲು ನನಗೆ ಅಚ್ಚುಮೆಚ್ಚಾಗಿರುವುದು ಇದಕ್ಕಾಗಿಯೇ. ಅಲ್ಲಿ ಬೇಕಿದ್ದುದು ಒಂದು ಕೈಕುಲುಕುವಿಕೆ ಮಾತ್ರ.

ಹಾಗಾದರೆ ಹ್ಯೂಸ್ ಗೆದ್ದರು ಎಂದಿಟ್ಟುಕೊಳ್ಳೋಣ. ಮೊದಲು ಕೇಳಬೇಕೆನಿಸುವ ಪ್ರಶ್ನೆ ಮಹಾಯುದ್ಧದ್ದು. ವಿಲ್ಸನ್ ಪರ ಪ್ರಚಾರದ ಮುಖ್ಯ ಘೋಷಣೆಯೇ ಅವರು ನಮ್ಮನ್ನು ಯುದ್ಧದಿಂದ ದೂರವಿಟ್ಟರು ಎಂಬುದಾಗಿತ್ತು. ಆ ವಿಲ್ಸನ್ನರೇ 1917ರ ಏಪ್ರಿಲ್‌ನಲ್ಲಿ ಯುದ್ಧ ಘೋಷಿಸಲು ಕಾಂಗ್ರೆಸ್ಸನ್ನು ಕೇಳಿದರು. ಹ್ಯೂಸ್ ಇದ್ದಿದ್ದರೆ? ನನ್ನ ಲೆಕ್ಕದಲ್ಲಿ ಯುದ್ಧ ಬಂದೇ ಬರುತ್ತಿತ್ತು, ಬಹುಶಃ ಅದೇ ತಿಂಗಳಲ್ಲಿ. ಅಮೆರಿಕವನ್ನು ಯುದ್ಧಕ್ಕೆ ಎಳೆದ ತೀರ್ಮಾನವಾದದ್ದು 1917ರ ಜನವರಿ 9ರಂದು, ಜರ್ಮನ್ ಚಕ್ರವರ್ತಿ ಬೀಡುಬಿಟ್ಟಿದ್ದ ಪ್ಲೆಸ್ ಎಂಬಲ್ಲಿ. ಸಬ್‌ಮರೀನ್‌ಗಳಿಂದ ಕಂಡ ಹಡಗನ್ನೆಲ್ಲ ಮುಳುಗಿಸುತ್ತ ಹೋದರೆ ಐದು ತಿಂಗಳಲ್ಲಿ ಬ್ರಿಟನ್ ಉಪವಾಸ ಬೀಳುತ್ತದೆ, ಅಮೆರಿಕದ ಸೈನಿಕರು ಬಂದು ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂಬುದು ಅವರ ನೌಕಾಪಡೆಯ ಗಣಿತ. ಆ ಗಣಿತದಲ್ಲಿ ದವಸದ ಟನ್ನುಗಳಿದ್ದವು, ಹಡಗಿನ ಟನ್ನುಗಳಿದ್ದವು. ಶ್ವೇತಭವನದಲ್ಲಿ ಯಾರಿದ್ದಾರೆ ಎಂಬ ಅಂಕಿ ಇರಲಿಲ್ಲ. ಮೆಕ್ಸಿಕೋವನ್ನು ಅಮೆರಿಕದ ಮೇಲೆ ಎತ್ತಿಕಟ್ಟಲು ಹೊರಟ ಜಿಮ್ಮರ್‌ಮನ್ ತಂತಿಯೂ ಬರ್ಲಿನ್‌ನಿಂದ ಹೊರಡುತ್ತಲೇ ಇತ್ತು, ಅದನ್ನು ಬ್ರಿಟಿಷರು ಕದ್ದು ಓದುತ್ತಲೇ ಇದ್ದರು.

ಬದಲಾಗುತ್ತಿದ್ದುದು ಬೇರೆಯೇ ಒಂದು ಸಂಗತಿ, ಯಾರೂ ಅದನ್ನು ನಿರೀಕ್ಷಿಸುವುದಿಲ್ಲ. ಚುನಾವಣೆಗೆ ಎರಡು ದಿನ ಮೊದಲು, ನವೆಂಬರ್ 5ರಂದು, ವಿಲ್ಸನ್ ತಮ್ಮ ವಿದೇಶಾಂಗ ಕಾರ್ಯದರ್ಶಿ ರಾಬರ್ಟ್ ಲ್ಯಾನ್ಸಿಂಗ್‌ರಿಗೆ ಒಂದು ರಹಸ್ಯ ಪತ್ರ ಬರೆದರು. ಆಗಿನ ಪದ್ಧತಿಯಂತೆ ನವೆಂಬರ್‌ನಲ್ಲಿ ಗೆದ್ದವರು ಅಧಿಕಾರ ವಹಿಸಿಕೊಳ್ಳುತ್ತಿದ್ದುದು ಮುಂದಿನ ಮಾರ್ಚ್ 4ರಂದು. ಜಗತ್ತಿಗೆ ಬೆಂಕಿ ಬಿದ್ದಿರುವಾಗ ಸೋತ ಅಧ್ಯಕ್ಷನೊಬ್ಬ ನಾಲ್ಕು ತಿಂಗಳು ಕುರ್ಚಿ ಕಾಯುತ್ತ ಕೂರುವುದು ಅಪಾಯಕರವೆಂದು ವಿಲ್ಸನ್ ಭಾವಿಸಿದ್ದರು. ತಾವು ಸೋತರೆ ಲ್ಯಾನ್ಸಿಂಗ್ ರಾಜೀನಾಮೆ ಕೊಡಬೇಕು, ಆ ಜಾಗಕ್ಕೆ ಹ್ಯೂಸ್‌ರನ್ನು ನೇಮಿಸಲಾಗುವುದು, ಬಳಿಕ ತಾವೂ ಉಪಾಧ್ಯಕ್ಷ ಥಾಮಸ್ ಮಾರ್ಷಲ್‌ರೂ ರಾಜೀನಾಮೆ ಕೊಡುವುದು. 1886ರ ಉತ್ತರಾಧಿಕಾರ ಕಾಯ್ದೆಯಂತೆ ಅವರಿಬ್ಬರ ನಂತರದ ಸ್ಥಾನ ವಿದೇಶಾಂಗ ಕಾರ್ಯದರ್ಶಿಯದಾಗಿದ್ದರಿಂದ ಹ್ಯೂಸ್ ತಕ್ಷಣವೇ ಅಧ್ಯಕ್ಷರ ಅಧಿಕಾರ ಚಲಾಯಿಸತೊಡಗಬಹುದು. ಇದು ಆ ಪತ್ರದ ಯೋಜನೆ. ರಾಜಕೀಯಕ್ಕೆ ಬರುವ ಮುನ್ನ ಪ್ರಾಧ್ಯಾಪಕರಾಗಿದ್ದ ವಿಲ್ಸನ್ ಬ್ರಿಟನ್ನಿನ ಸಂಸದೀಯ ಪದ್ಧತಿಯನ್ನು ಮೆಚ್ಚಿ ಬರೆದಿದ್ದವರು. ಸೋತ ಸರ್ಕಾರ ಮರುದಿನವೇ ಮನೆಗೆ ಹೋಗುವ ಆ ಪದ್ಧತಿಯನ್ನು ಅಮೆರಿಕದ ಕಾನೂನಿನ ಸಂದಿಯೊಂದರಿಂದ ಒಳಗೆ ತರುವ ಉಪಾಯ ಇದಾಗಿತ್ತು. ಗೆದ್ದದ್ದರಿಂದ ಅದರ ಪ್ರಯೋಗ ನಡೆಯಲಿಲ್ಲ.

ನಡೆದಿದ್ದರೆ ಏನಾಗುತ್ತಿತ್ತೆಂದು ಯೋಚಿಸಲು ನಾನು 1917ಕ್ಕೆ ಹೋಗುವುದಿಲ್ಲ, 1932ಕ್ಕೆ ಹೋಗುತ್ತೇನೆ. ಆ ನವೆಂಬರ್‌ನಲ್ಲಿ ಹರ್ಬರ್ಟ್ ಹೂವರ್ ಸೋತರು, ಫ್ರಾಂಕ್ಲಿನ್ ರೂಸ್‌ವೆಲ್ಟ್ ಗೆದ್ದರು; ಮಾರ್ಚ್ 4ರವರೆಗೆ ಸೋತವರಿಗೆ ಬಲವಿರಲಿಲ್ಲ, ಗೆದ್ದವರಿಗೆ ಅಧಿಕಾರವಿರಲಿಲ್ಲ. ಹಣಕಾಸಿನ ಬಿಕ್ಕಟ್ಟಿನಲ್ಲಿ ಇಬ್ಬರೂ ಒಂದಾಗಿ ನಡೆಯಲಾಗದೆ ಕುಳಿತಿದ್ದಾಗ ಬ್ಯಾಂಕುಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದವು. ಪದಗ್ರಹಣದ ದಿನದ ಹೊತ್ತಿಗೆ ಬಹುತೇಕ ರಾಜ್ಯಗಳಲ್ಲಿ ಬ್ಯಾಂಕುಗಳು ಮುಚ್ಚಿದ್ದವು ಇಲ್ಲವೇ ಹಣ ತೆಗೆಯುವುದಕ್ಕೆ ಮಿತಿ ಹಾಕಿದ್ದವು. 1933ರ ಜನವರಿಯಲ್ಲಿ ಅಂಗೀಕಾರವಾದ 20ನೆಯ ತಿದ್ದುಪಡಿ ಪದಗ್ರಹಣವನ್ನು ಜನವರಿ 20ಕ್ಕೆ ಹಿಂದಕ್ಕೆ ತಂದಿತಾದರೂ ಅದು ಜಾರಿಗೆ ಬಂದದ್ದು ಮುಂದಿನ ಸಲದಿಂದ. 1916ರಲ್ಲಿ ಒಬ್ಬ ಅಧ್ಯಕ್ಷ ಸೋತ ತಿಂಗಳಲ್ಲಿಯೇ ಎದ್ದು ಹೋಗಿದ್ದ ಮೇಲ್ಪಂಕ್ತಿ ಇದ್ದಿದ್ದರೆ, ಹೂವರ್ ಆ ನಾಲ್ಕು ತಿಂಗಳು ಕುರ್ಚಿಗೆ ಅಂಟಿಕೊಂಡಿರುವುದನ್ನು ದೇಶ ಸಹಿಸುತ್ತಿತ್ತೇ? ಲಾಂಗ್ ಬೀಚ್‌ನ ಕೈಕುಲುಕುವಿಕೆಯಿಂದ ಯೂರೋಪಿನ ಕಂದಕಗಳಲ್ಲಿ ಒಬ್ಬ ಸೈನಿಕನೂ ಉಳಿಯುತ್ತಿರಲಿಲ್ಲವೇನೋ, ಆದರೆ ಹದಿನಾರು ವರ್ಷಗಳ ನಂತರ ಅಮೆರಿಕದ ಒಳನಾಡಿನ ಯಾವುದೋ ಸಣ್ಣ ಊರಿನ ಒಬ್ಬ ಮುದುಕಿಯ ಉಳಿತಾಯ ಉಳಿಯುತ್ತಿತ್ತು ಎಂಬ ಊಹೆ ನನಗೆ ಹೆಚ್ಚು ನಂಬಲರ್ಹವಾಗಿ ಕಾಣುತ್ತದೆ.

ಬದಲಾಗುತ್ತಿದ್ದ ಇನ್ನೊಂದು ಸಂಗತಿಯೆಂದರೆ ಮಾತು. ಹ್ಯೂಸ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಚುನಾವಣೆಗೆ ಇಳಿದವರು, ಮುಂದೆ ಮುಖ್ಯ ನ್ಯಾಯಮೂರ್ತಿಯೂ ಆದವರು. ನೆತ್ತರಿನಲ್ಲಿಯೇ ವಕೀಲಿಕೆ ಇದ್ದ ಮನುಷ್ಯ. ತಟಸ್ಥ ದೇಶದ ಹಡಗುಗಳ ಹಕ್ಕಿಗೆ ಚ್ಯುತಿ ಬಂದಿದೆ, ಆದ್ದರಿಂದ ಯುದ್ಧ ಎಂದು ಅವರು ಹೇಳುತ್ತಿದ್ದರು. ಜಗತ್ತನ್ನು ಪ್ರಜಾಪ್ರಭುತ್ವಕ್ಕೆ ಸುರಕ್ಷಿತವಾಗಿಸಬೇಕು ಎಂಬ ವಿಲ್ಸನ್‌ರ ವಾಕ್ಯ ಅವರ ಬಾಯಿಂದ ಬರುತ್ತಿರಲಿಲ್ಲ. ಆ ವಾಕ್ಯ ಎಷ್ಟು ದೂರ ಕೇಳಿಸಿತ್ತೆಂದರೆ, 1917ರ ಜೂನ್‌ನಲ್ಲಿ ಆನಿ ಬೆಸೆಂಟ್‌ರನ್ನು ಬಂಧನದಲ್ಲಿಟ್ಟಾಗ, ಮದರಾಸಿನ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಸರ್ ಎಸ್. ಸುಬ್ರಹ್ಮಣ್ಯ ಅಯ್ಯರ್ ನೇರವಾಗಿ ಅಮೆರಿಕದ ಅಧ್ಯಕ್ಷರಿಗೆ ಪತ್ರ ಬರೆದು ಭಾರತದ ಹೋಂ ರೂಲ್‌ಗೆ ಬೆಂಬಲ ಕೇಳಿದರು. ಅದು ಬ್ರಿಟಿಷ್ ಸರ್ಕಾರದ ಸಿಟ್ಟಿಗೆ ಕಾರಣವಾದಾಗ ಆ ವೃದ್ಧರು ತಮ್ಮ ಬಿರುದುಗಳನ್ನೇ ತ್ಯಜಿಸಿದರು. ಹಡಗಿನ ಹಕ್ಕಿನ ಬಗ್ಗೆ ಮಾತಾಡಿದ ಅಧ್ಯಕ್ಷನೊಬ್ಬನಿಗೆ ಅವರು ಹೀಗೆ ಬರೆಯುತ್ತಿದ್ದರೇ? 1919ರಲ್ಲಿ ಬಾಲಗಂಗಾಧರ ತಿಲಕರು ವಿಲ್ಸನ್‌ರಿಗೆ ಬರೆಯುತ್ತಿದ್ದರೇ? ವಿಲ್ಸನ್ ಈ ಯಾರಿಗೂ ಏನನ್ನೂ ಕೊಡಲಿಲ್ಲ, ಅದು ನಿಜ. ಆದರೂ ಅವರ ಮಾತು ಎಬ್ಬಿಸಿದ ಆಸೆ, ಆಮೇಲಿನ ನಿರಾಸೆ, ಎರಡೂ ಕೈರೋದಿಂದ ಕೊರಿಯಾದವರೆಗೆ ಜನರನ್ನು ಬೀದಿಗೆ ತಂದವು. ಹ್ಯೂಸ್ ಗೆದ್ದಿದ್ದರೆ, ಮಹಾಯುದ್ಧದ ನಂತರ ರಾಷ್ಟ್ರಸಂಘವನ್ನು ಹುಟ್ಟುಹಾಕಿದ ವರ್ಸೈ ಒಪ್ಪಂದ ಕೆಲವು ಷರತ್ತುಗಳೊಂದಿಗೆ ಸೆನೆಟ್‌ನಲ್ಲಿ ಪಾಸಾಗುತ್ತಿತ್ತು ಎಂದು ನಾನು ನಂಬುತ್ತೇನೆ. 1920ರ ಮಾರ್ಚ್‌ನಲ್ಲಿ ಅದು ಬಿದ್ದುಹೋದದ್ದು ಏಳು ಮತಗಳ ಕೊರತೆಯಿಂದ, ಅದೂ ಷರತ್ತುಗಳನ್ನು ಒಪ್ಪಬೇಡಿರೆಂದು ವಿಲ್ಸನ್ ತಮ್ಮವರಿಗೇ ಹೇಳಿದ್ದರಿಂದ. ರಾಷ್ಟ್ರಸಂಘದಲ್ಲಿ ಅಮೆರಿಕಕ್ಕೊಂದು ಕುರ್ಚಿ, ವಸಾಹತುಗಳ ಬೀದಿಗಳಲ್ಲಿ ಇನ್ನಷ್ಟು ಮೌನ. ಈ ಎರಡನ್ನು ತೂಗುವ ತಕ್ಕಡಿ ನನ್ನ ಬಳಿ ಇಲ್ಲ.

ಎಲ್ಲ ಚುನಾವಣೆಗಳೂ ಇಷ್ಟು ಫಲವತ್ತಾದವಲ್ಲ. 1876ರದ್ದು ನಾಟಕವಾಗಿ ಅದ್ಭುತ: ಸ್ಯಾಮ್ಯುಯೆಲ್ ಟಿಲ್ಡನ್ ಅರ್ಧಕ್ಕಿಂತ ಹೆಚ್ಚು ಜನಮತ ಪಡೆದು 184 ಎಲೆಕ್ಟೋರಲ್ ಮತಗಳಲ್ಲಿ ನಿಂತುಬಿಟ್ಟರು, ಬೇಕಿದ್ದುದು 185, ವಿವಾದದಲ್ಲಿದ್ದ 20 ಮತಗಳನ್ನೂ 15 ಸದಸ್ಯರ ಆಯೋಗವು 8ಕ್ಕೆ 7ರಂತೆ ರದರ್‌ಫರ್ಡ್ ಹೇಯ್ಸ್‌ಗೆ ಕೊಟ್ಟಿತು. ಆಯೋಗದ ಏಕೈಕ ಪಕ್ಷೇತರನಾಗಬೇಕಿದ್ದ ನ್ಯಾಯಮೂರ್ತಿ ಡೇವಿಡ್ ಡೇವಿಸ್‌ರನ್ನು ಅದೇ ಹೊತ್ತಿಗೆ ಇಲಿನಾಯ್ ಶಾಸನಸಭೆ, ಡೆಮಾಕ್ರಟರ ಬೆಂಬಲದಿಂದಲೇ, ಸೆನೆಟ್‌ಗೆ ಆರಿಸಿ ಕಳುಹಿಸಿದ್ದರಿಂದ ಅವರು ಆಯೋಗಕ್ಕೆ ಬರಲೇ ಇಲ್ಲ. ಕೈಯಾರೆ ಕೆಡಿಸಿಕೊಳ್ಳುವುದೆಂದರೆ ಇದೇ. ಆದರೆ ಟಿಲ್ಡನ್ ಗೆದ್ದಿದ್ದರೂ ದಕ್ಷಿಣದ ರಾಜ್ಯಗಳ ಕಪ್ಪು ಜನರ ಬೆನ್ನಿಗೆ ನಿಂತಿದ್ದ ಕೊನೆಯ ಸೈನಿಕರು ಹಿಂದೆ ಸರಿಯುತ್ತಿದ್ದರು. ಹೇಯ್ಸ್ 1877ರ ಏಪ್ರಿಲ್‌ನಲ್ಲಿ ಮಾಡಿದ್ದನ್ನೇ ಟಿಲ್ಡನ್ ಸಂತೋಷದಿಂದ ಮಾಡುತ್ತಿದ್ದರು. ಇಡೀ ದೇಶ ಉಸಿರು ಬಿಗಿಹಿಡಿದು ಕಾದ ಆ ಒಂದು ಮತದಿಂದ, ಅದಕ್ಕಾಗಿ ಅತಿ ಹೆಚ್ಚು ಬೆಲೆ ತೆತ್ತವರ ಪಾಲಿಗೆ ಏನೂ ಬದಲಾಗುತ್ತಿರಲಿಲ್ಲ.

2000ದ ಚುನಾವಣೆಯ ಬಗ್ಗೆ ಹೆಚ್ಚು ಬರೆಯಲಾರೆ. ಫ್ಲಾರಿಡಾದ 537 ಮತಗಳು, ಪಾಮ್ ಬೀಚ್ ಕೌಂಟಿಯ ಚಿಟ್ಟೆಯಾಕಾರದ ಮತಪತ್ರ, ಸುಪ್ರೀಂ ಕೋರ್ಟಿನ 5ಕ್ಕೆ 4ರ ತೀರ್ಪು, ಎಲ್ಲರ ಬಾಯಲ್ಲೂ ಇವೆ. ನ್ಯೂ ಹ್ಯಾಂಪ್‌ಶೈರ್ ಎಂಬ ಪುಟ್ಟ ರಾಜ್ಯವನ್ನು ಏಳು ಸಾವಿರ ಚಿಲ್ಲರೆ ಮತಗಳಿಂದ ಕಳೆದುಕೊಳ್ಳದಿದ್ದರೆ ಆಲ್ ಗೋರ್‌ಗೆ ಫ್ಲಾರಿಡಾದ ಹಂಗೇ ಇರುತ್ತಿರಲಿಲ್ಲ ಎಂಬುದನ್ನು ಮಾತ್ರ ಕಡಿಮೆ ಜನ ಹೇಳುತ್ತಾರೆ. ಇರಾಕ್ ಯುದ್ಧ ನಡೆಯುತ್ತಿರಲಿಲ್ಲ ಎಂಬ ವಾದದಲ್ಲಿ ತಿರುಳಿದೆ, ಏಕೆಂದರೆ ಅದು ಹೊರಗಿನಿಂದ ಬಂದ ಯುದ್ಧವಲ್ಲ, ಆ ಕುರ್ಚಿಯಿಂದಲೇ ಹೊರಟದ್ದು. ಆದರೂ ಆ ವರ್ಷದ ಬಗ್ಗೆ ಯೋಚಿಸತೊಡಗಿದರೆ ನನ್ನೊಳಗೆ ಸಿಟ್ಟು ಏಳುತ್ತದೆ, ಸಿಟ್ಟಿನಲ್ಲಿ ಈ ಆಟ ಆಡಲು ಬರುವುದಿಲ್ಲ.

1968 ಹಾಗಲ್ಲ. ಅಲ್ಲಿ ನನಗೆ ಪಕ್ಷಪಾತವಿದೆ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನಾನು ಓದಿದ ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನ ನಮಗೆ ಅಮೆರಿಕದ ಗೋಧಿಯ ಉಪ್ಪಿಟ್ಟು, ಹಾಲಿನ ಪುಡಿ ಕಲಸಿದ ಹಾಲು ಕೊಡುತ್ತಿದ್ದರು. ಚೀಲದ ಮೇಲೆ ಎರಡು ಕೈಗಳು ಕುಲುಕುತ್ತಿರುವ ಗುರುತು ಇರುತ್ತಿತ್ತು. ಆ ಆಹಾರ ನೆರವಿನ ಪಿ.ಎಲ್. 480 ಯೋಜನೆಯ ಪರವಾಗಿ ಸೆನೆಟ್‌ನಲ್ಲಿ ಮುಂಚೂಣಿಯಲ್ಲಿ ನಿಂತವರು ಹ್ಯೂಬರ್ಟ್ ಹಂಫ್ರಿ ಎಂದು ಬಹಳ ವರ್ಷಗಳ ನಂತರ ಓದಿದಾಗ, ತಿಂದ ಅನ್ನದ ಋಣವೋ ಏನೋ, ಆ ಹೆಸರಿನ ಮೇಲೆ ಮಮತೆ ಹುಟ್ಟಿತು. ಲಾಲ್ ಬಹಾದೂರ್ ಶಾಸ್ತ್ರಿಯವರ ಅಂತ್ಯಕ್ರಿಯೆಗೆ ಅಮೆರಿಕದ ಉಪಾಧ್ಯಕ್ಷರಾಗಿ ದೆಹಲಿಗೆ ಬಂದಿದ್ದವರೂ ಅವರೇ. 1968ರಲ್ಲಿ ಅವರು ರಿಚರ್ಡ್ ನಿಕ್ಸನ್ ಎದುರು ಸುಮಾರು ಐದು ಲಕ್ಷ ಮತಗಳಿಂದ ಸೋತರು. ಎಲೆಕ್ಟೋರಲ್ ಲೆಕ್ಕ 301, 191, ಮೂರನೆಯವರಾದ ಜಾರ್ಜ್ ವಾಲೆಸ್‌ಗೆ 46. ಇಲ್ಲಿಯೂ ಕ್ಯಾಲಿಫೋರ್ನಿಯಾದ 40 ಮತಗಳನ್ನು ಆಚೀಚೆ ಮಾಡಿದರೆ ನಿಕ್ಸನ್ 261ಕ್ಕೆ ಇಳಿಯುತ್ತಾರೆ, 270 ಯಾರಿಗೂ ಸಿಗುವುದಿಲ್ಲ, ತೀರ್ಮಾನ ಪ್ರತಿನಿಧಿ ಸಭೆಗೆ ಹೋಗುತ್ತದೆ.

ಹಂಫ್ರಿ ಅಧ್ಯಕ್ಷರಾಗಿದ್ದರೆ 1971 ಹೇಗಿರುತ್ತಿತ್ತು? ಭಾರತದ ಓದುಗರು ಇಲ್ಲಿ ತಕ್ಷಣ ಸಂತೋಷಪಡುತ್ತಾರೆ. ನಿಕ್ಸನ್ ಪಾಕಿಸ್ತಾನದ ಕಡೆ ವಾಲಿದ್ದಕ್ಕೆ ಮುಖ್ಯ ಕಾರಣಗಳಲ್ಲೊಂದು ಚೀನಾ. ಬೀಜಿಂಗ್ ಜೊತೆಗಿನ ಗುಟ್ಟಿನ ಮಾತುಕತೆಗೆ ಯಾಹ್ಯಾ ಖಾನ್ ಮಧ್ಯವರ್ತಿಯಾಗಿದ್ದರು, 1971ರ ಜುಲೈನಲ್ಲಿ ಹೆನ್ರಿ ಕಿಸಿಂಜರ್ ಯಾರಿಗೂ ತಿಳಿಯದಂತೆ ಬೀಜಿಂಗ್‌ಗೆ ಹಾರಿದ್ದು ಪಾಕಿಸ್ತಾನದಿಂದಲೇ. ಹಂಫ್ರಿಗೆ ಆ ಹಂಗು ಇರುತ್ತಿರಲಿಲ್ಲ. ಢಾಕಾದಲ್ಲಿದ್ದ ಅಮೆರಿಕದ ರಾಜತಾಂತ್ರಿಕ ಆರ್ಚರ್ ಬ್ಲಡ್ ಏಪ್ರಿಲ್‌ನಲ್ಲಿ ಕಳುಹಿಸಿದ ಪ್ರತಿಭಟನೆಯ ತಂತಿಯನ್ನು ಯಾರಾದರೂ ಓದುತ್ತಿದ್ದರು; ಡಿಸೆಂಬರ್‌ನಲ್ಲಿ ಎಂಟರ್‌ಪ್ರೈಸ್ ಯುದ್ಧನೌಕೆ ಬಂಗಾಳ ಕೊಲ್ಲಿಗೆ ಬರುತ್ತಿರಲಿಲ್ಲ. ಇಷ್ಟನ್ನು ಒಪ್ಪಬಹುದು. ಆದರೆ ನನ್ನ ಕಟ್ಟುಪಾಡಿನಂತೆ ಹೊರಗಿನ ಚಕ್ರಗಳನ್ನು ಮುಟ್ಟುವಂತಿಲ್ಲ. 1970ರ ಡಿಸೆಂಬರ್‌ನ ಚುನಾವಣೆಯಲ್ಲಿ ಅವಾಮಿ ಲೀಗ್ ಇಡೀ ಪಾಕಿಸ್ತಾನದ ಬಹುಮತ ಗಳಿಸಿದ್ದು, ಅದಕ್ಕೆ ಅಧಿಕಾರ ಬಿಟ್ಟುಕೊಡದೆ ಮಾರ್ಚ್ 25ರ ರಾತ್ರಿ ಸೇನೆಯನ್ನು ಛೂ ಬಿಟ್ಟದ್ದು, ವಾಷಿಂಗ್ಟನ್‌ನಲ್ಲಿ ಆದ ತೀರ್ಮಾನಗಳಲ್ಲ. ಕೋಟಿಯಷ್ಟು ನಿರಾಶ್ರಿತರು ಗಡಿ ದಾಟುತ್ತಿದ್ದರು, ಯುದ್ಧ ನಡೆಯುತ್ತಿತ್ತು. ಆಗಸ್ಟ್ 9ರ ಭಾರತ-ಸೋವಿಯತ್ ಒಪ್ಪಂದದ ತುರ್ತು ಮಾತ್ರ ಕಡಿಮೆಯಾಗುತ್ತಿತ್ತು.

ಇನ್ನು ಹಂಫ್ರಿ ನಮ್ಮ ಬಂಧುವೇ ಆಗಿರುತ್ತಿದ್ದರು ಎಂಬ ನಂಬಿಕೆಯನ್ನೂ ಸ್ವಲ್ಪ ಅಲ್ಲಾಡಿಸಿ ನೋಡಬೇಕು. ಅವರು ಉಪಾಧ್ಯಕ್ಷರಾಗಿದ್ದ ಕಾಲದಲ್ಲಿಯೇ ಅಧ್ಯಕ್ಷ ಲಿಂಡನ್ ಜಾನ್ಸನ್, ವಿಯೆಟ್ನಾಂ ಬಗ್ಗೆ ಭಾರತ ಆಡಿದ ಮಾತಿಗೆ ಮುನಿದು, ಬರದ ವರ್ಷಗಳಲ್ಲಿ ಗೋಧಿಯ ಹಡಗುಗಳನ್ನು ಎಣಿಸಿ ಎಣಿಸಿ ಬಿಟ್ಟಿದ್ದರು. ನಮ್ಮ ಉಪ್ಪಿಟ್ಟು ಕೆಲವು ದಿನ ತಪ್ಪಿದ್ದರ ಹಿಂದೆ ಆ ಮುನಿಸಿತ್ತೋ, ಶಾಲೆಯ ಅಡುಗೆಯವನ ಸೋಮಾರಿತನವಿತ್ತೋ, ನಾನು ಹೇಳಲಾರೆ. ಚೀನಾದ ಬಾಗಿಲು ತೆರೆಯುವ ಧೈರ್ಯವೂ ಹಂಫ್ರಿಗೆ ಬರುತ್ತಿರಲಿಲ್ಲ. ಚೀನಾವನ್ನು ಕಳೆದುಕೊಂಡವರು ಎಂಬ ಮೂದಲಿಕೆಯನ್ನು ಡೆಮಾಕ್ರಟರು, ಆ ದೇಶ ಕಮ್ಯುನಿಸ್ಟರ ಕೈಸೇರಿದ 1949ರಿಂದ ಕೇಳುತ್ತಲೇ ಬಂದಿದ್ದರು. ಕಮ್ಯುನಿಸ್ಟ್ ವಿರೋಧಿಯೆಂದು ಹೆಸರಾಗಿದ್ದ ನಿಕ್ಸನ್‌ಗೆ ಸಲ್ಲುತ್ತಿದ್ದ ಸಲಿಗೆ ಅವರಿಗೆ ಸಲ್ಲುತ್ತಿರಲಿಲ್ಲ. ಬಂಗಾಳ ಕೊಲ್ಲಿಯಿಂದ ಒಂದು ಹಡಗನ್ನು ಹಿಂದಕ್ಕೆ ಕಳುಹಿಸಲು ನಾವು ತೆರಬೇಕಾದ ಬೆಲೆ ಇದು: ಚೀನಾ ಇನ್ನೂ ಹತ್ತು ವರ್ಷ ಒಂಟಿಯಾಗಿರುತ್ತದೆ.

1968ರಲ್ಲಿಯೂ ಒಂದು ಲಾಂಗ್ ಬೀಚ್ ಇತ್ತು. ಅಕ್ಟೋಬರ್ 31ರಂದು ಜಾನ್ಸನ್ ಉತ್ತರ ವಿಯೆಟ್ನಾಂ ಮೇಲಿನ ಬಾಂಬ್ ದಾಳಿ ನಿಲ್ಲಿಸಿ ಶಾಂತಿ ಮಾತುಕತೆಯ ಆಸೆ ಹುಟ್ಟಿಸಿದರು, ಹಂಫ್ರಿಯ ಜನಬೆಂಬಲ ಏರತೊಡಗಿತು. ನವೆಂಬರ್ 2ರಂದು ದಕ್ಷಿಣ ವಿಯೆಟ್ನಾಂನ ಅಧ್ಯಕ್ಷ ಥಿಯು ತಾವು ಮಾತುಕತೆಗೆ ಬರುವುದಿಲ್ಲವೆಂದರು. ನಿಕ್ಸನ್ ಪಾಳಯದ ಆನಾ ಶೆನಾಲ್ಟ್ ಮೂಲಕ ಸೈಗಾನ್‌ಗೆ ತಾಳಿಕೊಳ್ಳಿರೆಂಬ ಸಂದೇಶ ಹೋಗುತ್ತಿರುವುದು ಕದ್ದಾಲಿಕೆಯಿಂದ ಜಾನ್ಸನ್‌ಗೆ ಗೊತ್ತಾಗಿತ್ತು. ಫೋನಿನಲ್ಲಿ ಅವರು ಅದನ್ನು ದೇಶದ್ರೋಹವೆಂದು ಕರೆದದ್ದು ಧ್ವನಿಮುದ್ರಿಕೆಯಲ್ಲಿದೆ. ಹಂಫ್ರಿಗೂ ತಿಳಿಸಲಾಯಿತು. ನವೆಂಬರ್ 5ರ ಮತದಾನಕ್ಕೆ ಮೊದಲು ಅವರು ಅದನ್ನು ಬಹಿರಂಗಪಡಿಸಬಹುದಿತ್ತು, ಪಡಿಸಲಿಲ್ಲ. ಆ ಕಾಗದಪತ್ರಗಳನ್ನು ಜಾನ್ಸನ್‌ರ ಸಲಹೆಗಾರ ವಾಲ್ಟ್ ರಾಸ್ಟೋ 1973ರಲ್ಲಿ ಒಂದು ಲಕೋಟೆಯಲ್ಲಿ ಹಾಕಿ ಮುಚ್ಚಿ, ಐವತ್ತು ವರ್ಷ ತೆರೆಯಬಾರದೆಂಬ ಸೂಚನೆಯೊಂದಿಗೆ ಟೆಕ್ಸಾಸ್‌ನ ಜಾನ್ಸನ್ ಗ್ರಂಥಾಲಯಕ್ಕೆ ಒಪ್ಪಿಸಿದರು. ಗ್ರಂಥಾಲಯದವರು ಅಷ್ಟು ಕಾಯದೆ 1994ರ ಜುಲೈನಲ್ಲಿ ಅದನ್ನು ತೆರೆದರು. ಆಗ ಹಂಫ್ರಿ ತೀರಿಕೊಂಡು ಹದಿನಾರು ವರ್ಷಗಳಾಗಿದ್ದವು, ನಿಕ್ಸನ್ ತೀರಿಕೊಂಡು ಮೂರು ತಿಂಗಳು.